ನೀರಿನ ಡ್ರಮ್ಮಿನ ಪಕ್ಕ ಮಲಗಿದವನು

ಆ ಆಟವನ್ನು ಮಾಡಿದವರ ಮನೆ ಹಾಳಾಗಲಿ ಎಂದು ನಾನು ಎಷ್ಟು ಸಲ ಬೈದಿದ್ದೇನೋ ನನಗೇ ಗೊತ್ತಿಲ್ಲ. ಈಗಲೂ ಬೈಯುತ್ತೇನೆ. ಬೈದು, ಭಾನುವಾರ ಮಧ್ಯಾಹ್ನ ಊಟದ ತಟ್ಟೆ ತೊಳೆದಿಟ್ಟು, ತಮ್ಮನ ಫೋನು ತೆಗೆದುಕೊಂಡು ಅದನ್ನೇ ಆಡಲು ಕೂರುತ್ತೇನೆ.

ಆಟದ ಕಥೆ ಇಷ್ಟೇ. ಲೋಕ ಮುಗಿದುಹೋಗಿದೆ. ಹೇಗೆ ಮುಗಿಯಿತು ಎಂದು ಯಾರೂ ಹೇಳುವುದಿಲ್ಲ. ಮುರಿದ ಫ್ಲೈಓವರ್, ತುಕ್ಕು ಹಿಡಿದ ಬಸ್ಸುಗಳು, ಕಿಟಕಿ ಕಿತ್ತುಹೋದ ಕಟ್ಟಡಗಳು, ನಡುವೆ ಧೂಳಿನ ಬಯಲು. ನೀವು ಕಣ್ಣು ಬಿಟ್ಟಾಗ ಮೈಮೇಲೆ ಚಿಂದಿ ಬಟ್ಟೆ, ಕೈಯಲ್ಲೊಂದು ಕಲ್ಲು. ಆ ಕಲ್ಲಿನಿಂದಲೇ ಮರ ಕಡಿದು, ಹಳೇ ಕಬ್ಬಿಣ ಆರಿಸಿ, ಒಂದು ಗುಡಿಸಲು ಕಟ್ಟಿಕೊಂಡು ಬದುಕಬೇಕು. ನಿಮ್ಮ ಹಾಗೆಯೇ ಎಲ್ಲೆಲ್ಲೋ ಫೋನು ಹಿಡಿದು ಕೂತ ಜನ ಅದೇ ಬಯಲಿನಲ್ಲಿ ಅಲೆಯುತ್ತಿರುತ್ತಾರೆ. ಹತ್ತಿರ ಬಂದರೆ ಅವರ ದನಿ ನಿಮಗೆ, ನಿಮ್ಮ ದನಿ ಅವರಿಗೆ ಕೇಳುತ್ತದೆ. ಆದರೆ ಹೆಚ್ಚಿನವರು ಮಾತಿಗಿಂತ ಮೊದಲು ಗುಂಡು ಹಾರಿಸುತ್ತಾರೆ. ಸತ್ತರೆ ಗಳಿಸಿದ್ದೆಲ್ಲ ಕಳೆದುಕೊಂಡು ಇನ್ನೆಲ್ಲೋ ಮತ್ತೆ ಕಲ್ಲು ಹಿಡಿದುಕೊಂಡು ಏಳುತ್ತೀರಿ. ಪರದೆಯ ಮೂಲೆಯಲ್ಲಿ ಮೂರು ಗೆರೆಗಳಿರುತ್ತವೆ. ಕೆಂಪು ಜೀವ, ಹಳದಿ ಹಸಿವು, ನೀಲಿ ಬಾಯಾರಿಕೆ. ನೀಲಿ ಗೆರೆ ಸಣ್ಣದಾಗುತ್ತ ಬಂದ ಹಾಗೆ ಪರದೆ ಮಸುಕಾಗುತ್ತದೆ, ಏದುಸಿರು ಕೇಳಿಸತೊಡಗುತ್ತದೆ.

ಇನ್ನೊಂದು ವಿಷಯ. ಫೋನು ಮುಚ್ಚಿದರೂ ನಿಮ್ಮ ಮನುಷ್ಯ ಅಲ್ಲಿಂದ ಮಾಯವಾಗುವುದಿಲ್ಲ. ಎಲ್ಲಿದ್ದನೋ ಅಲ್ಲೇ ನೆಲಕ್ಕೆ ಒರಗಿ ನಿದ್ದೆ ಹೋಗುತ್ತಾನೆ. ದಾರಿಯಲ್ಲಿ ಹೋಗುವವರು ಮನಸ್ಸು ಬಂದರೆ ಅವನನ್ನು ಕೊಲ್ಲಬಹುದು, ಇಲ್ಲವೇ ಬಿಟ್ಟು ಹೋಗಬಹುದು. ಮಲಗಿರುವಷ್ಟು ಕಾಲ ಅವನಿಗೆ ಹಸಿವಿಲ್ಲ, ಬಾಯಾರಿಕೆಯೂ ಇಲ್ಲ.

ಇಂಥ ದರಿದ್ರ ಆಟವನ್ನು ಮನುಷ್ಯರು ಖುಷಿಗೆಂದು ಆಡುತ್ತಾರೆ. ನನ್ನ ತಮ್ಮ ಅದರಿಂದಲೇ ಒಂದಷ್ಟು ಕಾಲ ಬದುಕಿದ.

ನಮ್ಮದು ರಾಯಚೂರು ಕಡೆ. ನಾನು ಮೊದಲು ಹೈದರಾಬಾದಿಗೆ ಬಂದೆ. ಹಿಮಾಯತ್‌ನಗರದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ. ಬೆಳಗಾಗುವ ಹೊತ್ತಿಗೆ ಖಾಲಿ ಹೊಟ್ಟೆಯ ಜನ ಸಾಲಾಗಿ ಕೂತಿರುತ್ತಾರೆ, ಮಧ್ಯಾಹ್ನದ ಹೊತ್ತಿಗೆ ನನ್ನ ಪಾಳಿ ಮುಗಿಯುತ್ತದೆ. ತಮ್ಮ ಆಮೇಲೆ ಬಂದು ಶಂಶಾಬಾದಿನ ವಿಮಾನ ನಿಲ್ದಾಣದ ಸರಕು ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದ. ನಾಂಪಲ್ಲಿ ಸ್ಟೇಷನ್ನಿನ ಹಿಂದಿನ ಗಲ್ಲಿಯೊಂದರಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಅವನು ಪೆಟ್ಟಿಗೆ ಎತ್ತಿ ಎತ್ತಿ ತೋಳು ಬೆಳೆಸಿಕೊಂಡಿದ್ದ, ಆ ತೋಳು ಕಾಣಲೆಂದೇ ಬಿಗಿಯಾದ ಅಂಗಿ ಹಾಕುತ್ತಿದ್ದ. ಮದುವೆಗೆ ಹೆಣ್ಣು ನೋಡಲು ಶುರು ಮಾಡಿದ್ದೆವು. ಅಷ್ಟರಲ್ಲಿ ಅವನ ಮುಖ ಊದಿಕೊಳ್ಳತೊಡಗಿತು. ರಿಪೋರ್ಟು ನಮ್ಮ ಲ್ಯಾಬಿನಿಂದಲೇ ಬಂತು. ಎರಡೂ ಕಿಡ್ನಿ ಹೋಗಿದ್ದವು.

ವಾರಕ್ಕೆ ಮೂರು ದಿನ ಡಯಾಲಿಸಿಸ್. ಪ್ರತಿ ಸಲ ನಾಲ್ಕು ತಾಸು ಒಂದು ಕುರ್ಚಿಯಲ್ಲಿ ಒರಗಿ ಕೂರಬೇಕು. ದಪ್ಪ ಸೂಜಿಗಳನ್ನು ಚುಚ್ಚಲೆಂದು ಅವನ ಎಡಗೈಯಲ್ಲಿ ಆಪರೇಷನ್ ಮಾಡಿ ರಕ್ತನಾಳ ಜೋಡಿಸಿದ್ದರು. ಮಷೀನು ನಡೆಯುವಾಗ ಆ ಕೈ ಅಲುಗಾಡಿಸುವಂತಿಲ್ಲ. ತುರಿಸಿಕೊಳ್ಳಬೇಕೆಂದರೂ ಬಲಗೈಯೇ ಗತಿ.

ಆ ಕುರ್ಚಿಯೆಂದರೆ ಅವನಿಗೆ ಅಸಹ್ಯ. ಎರಡೂವರೆ ತಾಸಿಗೇ ಸೂಜಿ ತೆಗೆಯಿರಿ ಎಂದು ಜಗಳ ಶುರು. ಪಕ್ಕದ ಕುರ್ಚಿಯ ಮುದುಕರು ಗೊರಕೆ ಹೊಡೆಯುತ್ತಾರೆ, ಟೀವಿಯಲ್ಲಿ ತೆಲುಗು ಸೀರಿಯಲ್ಲು ಅಳುತ್ತದೆ, ತನಗೆ ಮೈಯೆಲ್ಲ ಉರಿ. ಒಮ್ಮೆ ಹೋದರೆ ಒಮ್ಮೆ ತಪ್ಪಿಸುತ್ತಿದ್ದ. ತಪ್ಪಿಸಿದರೆ ಏನಾಗುತ್ತದೆ ಎಂದು ಡಾಕ್ಟರು ಹೇಳಿದ್ದರು, ನಾನು ಇನ್ನೂ ಬಿಡಿಸಿ ಹೇಳಿದ್ದೆ. "ಗೊತ್ತೈತಿ ಬಿಡಕ್ಕ. ಸಾಯೂದ ಸಾಯೂದು, ಮನ್ಯಾಗರ ಸಾಯ್ತೀನಿ" ಅನ್ನುತ್ತಿದ್ದ. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ನನ್ನ ಸಿಟ್ಟಿಗೆ ಅವನು ಚಿಕ್ಕಂದಿನಿಂದಲೂ ಹೆದರಿದವನಲ್ಲ.

ಅವನನ್ನು ಆ ಕುರ್ಚಿಯಲ್ಲಿ ಕಟ್ಟಿಹಾಕಿದ್ದು ನಾನಲ್ಲ, ಈ ಆಟ. ಸರಕು ಶೆಡ್ಡಿನಲ್ಲಿ ನಾಲ್ವರು ಗೆಳೆಯರಿದ್ದರು, ಎಲ್ಲರೂ ಬೀದರ, ರಾಯಚೂರು ಕಡೆಯ ಕನ್ನಡದ ಹುಡುಗರು. ಅವನನ್ನು ನೋಡಲು ಬಂದವರು, ಏನು ಮಾತಾಡಬೇಕೋ ತಿಳಿಯದೆ, ಅವನ ಫೋನಿನಲ್ಲಿ ಆಟ ಹಾಕಿಕೊಟ್ಟು ಹೋದರು. ಅವರಲ್ಲಿ ಬೀದರದವನು ಮುಂದಾಳು. ಬಿದ್ದ ಫ್ಲೈಓವರಿನ ಕೆಳಗೆ ಅವರು ಒಂದು ಕೋಟೆ ಕಟ್ಟಿದ್ದರು. ಸುತ್ತ ತಗಡಿನ ಗೋಡೆ, ಒಂದೇ ಒಂದು ಗೇಟು, ಮೇಲೆ ಮಳೆನೀರು ಹಿಡಿಯುವ ತಗಡು, ಕೆಳಗೆ ಸಾಲಾಗಿ ನೀರಿನ ಡ್ರಮ್ಮುಗಳು. ಒಂದೇ ಕೈಯಲ್ಲಿ ಆಡುವವನು ಬಂದೂಕು ಗುರಿಯಿಡಲಾರ, ಓಡಲಾರ. ಹಾಗಾಗಿ ತಮ್ಮನಿಗೆ ಗೇಟು ಕಾಯುವ ಕೆಲಸ ಕೊಟ್ಟರು. ಹೆಬ್ಬೆರಳಿನಿಂದ ಒಂದು ಗುಂಡಿ ಒತ್ತಿದರೆ ಗೇಟು ತೆರೆಯುತ್ತದೆ, ಮತ್ತೆ ಒತ್ತಿದರೆ ಮುಚ್ಚುತ್ತದೆ. ಗೆಳೆಯರು ಹಗಲು ಪಾಳಿಯಲ್ಲಿರುವಾಗಲೇ ಕೋಟೆಗೆ ಅಪಾಯ ಹೆಚ್ಚು. ಆಗಲೇ ತಮ್ಮ ಕುರ್ಚಿಯಲ್ಲಿರುತ್ತಿದ್ದ. ಅವನು ಕೂತರೆ ಕೋಟೆ ಉಳಿಯುತ್ತದೆ, ಎದ್ದರೆ ಹೋಗುತ್ತದೆ.

ಆಮೇಲೆ ಅವನು ಒಂದು ದಿನವೂ ತಪ್ಪಿಸಲಿಲ್ಲ. ನಾಲ್ಕು ತಾಸು ಮುಗಿದು ಸೂಜಿ ತೆಗೆಯಲು ಬಂದರೆ "ತಡೀರಿ, ಗೇಟಿಗೆ ಯಾರೋ ಬಂದಾರ" ಅನ್ನುವ ಮಟ್ಟಕ್ಕೆ ಬಂದ. ಟೆಕ್ನಿಷಿಯನ್ ನನ್ನ ಮುಖ ನೋಡಿ ನಗುತ್ತಿದ್ದ. ನಾನು ಲ್ಯಾಬಿನ ಪಾಳಿ ಮುಗಿಸಿ ಅವನ ಪಕ್ಕದ ಸ್ಟೂಲಿನಲ್ಲಿ ಕೂರುತ್ತಿದ್ದೆ. ಅವನ ಕಾಲಿಗೆ ಸೆಡೆತ ಬಂದಾಗ ಫೋನನ್ನು ನನ್ನ ಕೈಗೆ ತುರುಕಿ "ಅಕ್ಕಾ, ಬಾಗಲಾ ಹಿಡಿ" ಅನ್ನುತ್ತಿದ್ದ. ಹಾಗೆ ನಾನೂ ಕಲಿತೆ.

ಕಲಿತ ಮೇಲೆ ತಿಳಿಯಿತು, ಈ ಆಟದಲ್ಲಿ ಮಜಾ ಎಲ್ಲಿದೆ, ಕಾಟ ಎಲ್ಲಿದೆ ಎಂದು. ಕಾಟ ಬೇಕಾದಷ್ಟಿದೆ. ಇಡೀ ದಿನ ಕಟ್ಟಿದ ಗೋಡೆ ದುರಸ್ತಿ ಮಾಡದಿದ್ದರೆ ತಾನಾಗಿ ಉದುರುತ್ತದೆ. ನೀವಿಲ್ಲದ ಹೊತ್ತು ನೋಡಿ ಕನ್ನ ಹಾಕುತ್ತಾರೆ. ಸಿಗ್ನಲ್ ಒಂದು ಗಳಿಗೆ ಹೋದರೆ ನಿಮ್ಮವನು ಕಂಬದ ಹಾಗೆ ನಿಂತು ಗುಂಡು ತಿನ್ನುತ್ತಾನೆ. ಬಲ ಇದ್ದವನಿಗೆ ಇನ್ನಷ್ಟು ಬಲ, ಹೊಸಬನಿಗೆ ಬರೀ ಒದೆ. ಇದಕ್ಕೆ ಲೋಕ ಮುಗಿಯಬೇಕೇ, ನಾಂಪಲ್ಲಿಯ ಆಫೀಸುಗಳಿಗೆ ಒಂದು ಸರ್ಟಿಫಿಕೇಟಿಗಾಗಿ ಹೋಗಿ ಬಂದರೆ ಸಾಕು ಎಂದು ನಾನು ರೇಗಿಸುತ್ತಿದ್ದೆ. ಮಜಾ ಸಣ್ಣದು. ಬಯಲಿನಲ್ಲಿ ಒಂದು ಗೋಡೆ ನಿಮ್ಮದು. ತಗಡಿನ ಮೇಲೆ ಮಳೆ ಬಿದ್ದಾಗ ಡ್ರಮ್ಮು ತುಂಬುವ ಸದ್ದು. ಇನ್ನೊಬ್ಬನ ದನಿ.

ಅದರಲ್ಲೂ ಕನ್ನಡದ ದನಿ. ಹೈದರಾಬಾದಿನಲ್ಲಿ ನಮ್ಮ ಕನ್ನಡ ಮನೆಯ ಹೊಸ್ತಿಲು ದಾಟುವುದಿಲ್ಲ. ಮಾಲೀಕರೊಂದಿಗೆ ತೆಲುಗು, ಆಟೋದವನೊಂದಿಗೆ ಹಿಂದಿ. ಲ್ಯಾಬಿನಲ್ಲಿ ಸೂಜಿ ಚುಚ್ಚಿದಾಗ ಯಾರಾದರೂ "ಯವ್ವಾ" ಅಂದರೆ ನನ್ನ ಕೈ ತಾನಾಗಿ ಮೆತ್ತಗಾಗುತ್ತದೆ, "ಯಾವೂರ್ರಿ?" ಎಂದು ಕೇಳದೆ ಬಿಡುವುದಿಲ್ಲ. ಆಟದಲ್ಲಿಯೂ ಹಾಗೇ ಆಯಿತು. ಗುಂಡು, ಬೈಗುಳ, ತೆಲುಗು, ಹಿಂದಿಯ ನಡುವೆ ನಮ್ಮ ಹುಡುಗರು ಕನ್ನಡದಲ್ಲಿ ಗುಟ್ಟು ಮಾತಾಡುತ್ತಿದ್ದರು. "ಹಿಂದಿಂದ ಬರಾಕತ್ತಾನ, ಎಡಕ್ಕ ಸರಿ" ಅಂದರೆ ಎದುರಿನವರಿಗೆ ತಲೆಬುಡ ಹತ್ತುತ್ತಿರಲಿಲ್ಲ. ಕನ್ನಡವೇ ಅವರ ಕೋಟೆಯ ಒಳಗೋಡೆಯಾಗಿತ್ತು. ಕನ್ನಡ ಬಂದವರೆಲ್ಲ ಒಳಗಿನವರು ಎಂದು ಯಾರೂ ನಿಯಮ ಮಾಡಿರಲಿಲ್ಲ, ಎಲ್ಲರೂ ಹಾಗೆ ನಡೆದುಕೊಳ್ಳುತ್ತಿದ್ದರು.

ತಮ್ಮ ಅದಕ್ಕೊಂದು ತನ್ನ ನಿಯಮ ಸೇರಿಸಿದ. ಯಾರೇ ಗೇಟಿಗೆ ಬರಲಿ, ಮೊದಲು ನೀರು.

ಅದು ನಮ್ಮ ಅವ್ವನ ಪದ್ಧತಿ. ನಮ್ಮೂರ ಬಿಸಿಲಿನಲ್ಲಿ ಯಾರು ಮೆಟ್ಟಿಲ ಹತ್ತಿರ ಬಂದರೂ ಒಂದು ಚರಿಗೆ ನೀರು, ಒಂದು ಚೂರು ಬೆಲ್ಲ ಮೊದಲು. ಕುಡಿದು ಮುಖ ಒರೆಸಿಕೊಂಡ ಮೇಲೆಯೇ ಯಾರು, ಯಾಕೆ ಎಂಬ ಮಾತು. ಬಳೆಗಾರ ಬಂದರೂ ಅಷ್ಟೇ, ಜಗಳಕ್ಕೆಂದೇ ಬಂದ ದಾಯಾದಿ ಬಂದರೂ ಅಷ್ಟೇ. ತಮ್ಮ ಮುಗಿದ ಲೋಕದಲ್ಲಿಯೂ ಇದನ್ನು ಬಿಡಲಿಲ್ಲ. ಗೇಟಿನ ಹೊರಗೆ ಒಂದು ಡ್ರಮ್ಮು ಇಟ್ಟ. ಬಂದವನಿಗೆ ಡಬ್ಬಿಯಲ್ಲಿ ನೀರು ತುಂಬಿಕೊಟ್ಟು ಆಮೇಲೆ "ಯಾರ್ರಿ?" ಅನ್ನುತ್ತಿದ್ದ. ಎಷ್ಟೋ ಮಂದಿ ಕುಡಿದು ಅವನನ್ನೇ ಹೊಡೆದರು. ಎಷ್ಟೋ ಮಂದಿ ಗಾಬರಿಯಾಗಿ ಸುಮ್ಮನೆ ನಿಂತರು. ಆ ಲೋಕದಲ್ಲಿ ಅವರಿಗೆ ಯಾರೂ ಏನೂ ಕೊಟ್ಟಿರಲಿಲ್ಲ.

ಬೀದರದವನು ತಲೆ ಚಚ್ಚಿಕೊಳ್ಳುತ್ತಿದ್ದ. "ಲೇ, ನೀರಿನ ಸಲುವಾಗಿ ಇಲ್ಲಿ ಖೂನ್ ಆಗ್ತಾವ. ನೀ ಹಂಚ್ಕೋತ ಕುಂತೀಯಲ್ಲ!"

"ಮಳಿ ನೀರ್ ಐತಿ. ನಿನ್ನಪ್ಪನ ಮನಿದೇನಲ್ಲ" ಎಂದು ತಮ್ಮ.

ನಾನು ಗೇಟು ಹಿಡಿದಾಗ ಮಾತ್ರ ಈ ಧರ್ಮವಿರಲಿಲ್ಲ. ಲ್ಯಾಬಿನಲ್ಲಿ ಕೇಳುವ ಹಾಗೆ ಕೇಳುತ್ತಿದ್ದೆ. ಹೆಸರು ಏನು, ವಯಸ್ಸು ಎಷ್ಟು, ಏನಾದರೂ ತಿಂದು ಬಂದಿದ್ದೀರಾ. ಒಬ್ಬ ಹೆದರಿ ಖಾಲಿ ಹೊಟ್ಟೆಯಲ್ಲಿದ್ದೇನೆ ಎಂದು ಹಿಂದಿಯಲ್ಲಿ ಉತ್ತರ ಕೊಟ್ಟ. ತಮ್ಮ ನಕ್ಕು ನಕ್ಕು ಕೈ ಅಲುಗಿಸಿದ, ಮಷೀನು ಕೂಗಿಕೊಂಡಿತು.

ಈಗ ಹೇಳಬೇಕಾದ ಮಾತಿಗೆ ಬರುತ್ತೇನೆ. ಅವನು ಊರಿಗೆಲ್ಲ ನೀರು ಹಂಚುತ್ತಿದ್ದ, ಅವನಿಗೆ ಮಾತ್ರ ನೀರು ಕುಡಿಯುವಂತಿರಲಿಲ್ಲ. ಕಿಡ್ನಿ ಇಲ್ಲದವನು ಕುಡಿದ ನೀರು ಹೊರಗೆ ಹೋಗುವುದಿಲ್ಲ, ಮೈಯಲ್ಲೇ ನಿಲ್ಲುತ್ತದೆ, ಮೊದಲು ಕಾಲಿಗೆ, ಆಮೇಲೆ ಎದೆಗೆ ಬರುತ್ತದೆ. ದಿನಕ್ಕೊಂದು ಸಣ್ಣ ಬಾಟಲಿ, ಅದರಲ್ಲೇ ಚಹಾ, ಮಜ್ಜಿಗೆ, ಗುಳಿಗೆ ನುಂಗುವ ನೀರು ಎಲ್ಲ. ಹೈದರಾಬಾದಿನ ಏಪ್ರಿಲ್ ತಿಂಗಳಲ್ಲಿ. ಪ್ರತಿ ಸಲ ಸೂಜಿ ಚುಚ್ಚುವ ಮೊದಲು ಅವನನ್ನು ತಕ್ಕಡಿಯ ಮೇಲೆ ನಿಲ್ಲಿಸುತ್ತಿದ್ದರು. ಕದ್ದು ಕುಡಿದದ್ದೆಲ್ಲ ಅಲ್ಲಿ ಗೊತ್ತಾಗುತ್ತಿತ್ತು.

ಮನೆಯಲ್ಲಿ ಬಾಟಲಿ ತುಂಬಿಸಿ ಇಡುವವಳು ನಾನು. ಉಳಿದ ನೀರಿಗೆ ಕಾವಲು ಕೂರುವವಳೂ ನಾನು. ತುಟಿ ಒಣಗಿ ಬಿರಿದು ಅವನು ನನ್ನ ಮುಖ ನೋಡುತ್ತಿದ್ದ, ನಾನು ಒಂದು ತುಂಡು ಐಸು ಕೊಟ್ಟು ಬೇರೆ ಕಡೆ ತಿರುಗುತ್ತಿದ್ದೆ. ಅದಕ್ಕಾಗಿ ನಾನು ಈಗ ಅಳುವುದಿಲ್ಲ. ಮಾಡಬೇಕಾದ್ದನ್ನು ಮಾಡಿದೆ, ಮತ್ತೆ ಹಾಗೆಯೇ ಮಾಡುತ್ತೇನೆ. ಆದರೆ ಫೋನಿನಲ್ಲಿ ಅವನ ಮನುಷ್ಯ ಡ್ರಮ್ಮಿಗೆ ಬಾಯಿ ಹಚ್ಚಿ ಗಟಗಟ ಕುಡಿಯುವಾಗ, ನೀಲಿ ಗೆರೆ ತುಂಬುತ್ತ ಹೋಗುವಾಗ, ತಮ್ಮನ ಗಂಟಲು ಜೊತೆಗೇ ಮೇಲೆ ಕೆಳಗೆ ಆಡುತ್ತಿತ್ತು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಆ ಬೇಸಿಗೆಯಲ್ಲೇ ಯಾದಗಿರಿಯವನು ಬಂದ. ಅವನ ಮುಖ ನಾನು ನೋಡಿಲ್ಲ, ದನಿ ಮಾತ್ರ ಗೊತ್ತು. ಗೇಟಿನ ಮುಂದೆ ಬಂದೂಕು ಕೆಳಗಿಟ್ಟು "ನೀರ್ ಐತೇನ್ರಿ, ಭಾಳ ನೀರಡಿಕಿ ಆಗೇತಿ" ಅಂದ. ಅಚ್ಚ ನಮ್ಮ ಕಡೆಯ ಮಾತು. ತಮ್ಮನ ಮುಖ ಅರಳಿದ್ದು ನನಗೆ ಇನ್ನೂ ನೆನಪಿದೆ. ನೀರು ಕೊಟ್ಟು ಯಾವೂರು ಎಂದು ಕೇಳಿದ. ಯಾದಗಿರಿ ಕಡೆಯವನಂತೆ, ಶಂಶಾಬಾದಿನ ಹತ್ತಿರ ಹೊಸ ಮನೆಗಳ ಸ್ಲ್ಯಾಬಿಗೆ ಸೆಂಟ್ರಿಂಗ್ ಕೆಲಸವಂತೆ, ಮಧ್ಯಾಹ್ನ ಊಟದ ಹೊತ್ತಿನಲ್ಲಿ ಆಡುತ್ತಾನಂತೆ. ನಿಜವೋ ಸುಳ್ಳೋ ದೇವರೇ ಬಲ್ಲ. ಹಿಂದೆ ಕಬ್ಬಿಣ ಕೊಯ್ಯುವ ಸದ್ದೇನೋ ಕೇಳುತ್ತಿತ್ತು.

ಆಮೇಲೆ ದಿನಾ ಬರತೊಡಗಿದ. ಬೇಸಿಗೆಯುದ್ದಕ್ಕೂ ಬಂದ. ತಮ್ಮನನ್ನು "ಅಣ್ಣಾ" ಎಂದೇ ಕರೆಯುತ್ತಿದ್ದ, ಪ್ರತಿ ಮಾತಿಗೂ "ರಿ" ಹಚ್ಚುತ್ತಿದ್ದ. ಗೋಡೆ ದುರಸ್ತಿಗೆ ಕಬ್ಬಿಣ ಹೊತ್ತು ತಂದುಕೊಡುತ್ತಿದ್ದ. ಇಬ್ಬರೂ ಜೋಳದ ರೊಟ್ಟಿ, ಪುಂಡಿ ಪಲ್ಯ, ಊರ ಬಿಸಿಲು ಇಂಥ ಮಾತಾಡುತ್ತ ನಾಲ್ಕು ತಾಸು ಕಳೆದದ್ದೂ ಉಂಟು. ತನಗೆ ಡಯಾಲಿಸಿಸ್ ಎಂದು ತಮ್ಮ ಅವನಿಗೆ ಹೇಳಿದ. ಬೇರೆ ಯಾರಿಗೂ ಅವನು ತಾನಾಗಿ ಹೇಳಿದ್ದಿಲ್ಲ.

ಡಯಾಲಿಸಿಸ್ ಮುಗಿದು ಮನೆಗೆ ಬರುವ ಹೊತ್ತಿನಲ್ಲಿ ತಮ್ಮನಿಗೆ ಎಚ್ಚರ ಉಳಿಯುತ್ತಿರಲಿಲ್ಲ, ಹಿಂಡಿದ ಬಟ್ಟೆಯ ಹಾಗೆ ಬಿದ್ದಿರುತ್ತಿದ್ದ. ಗೆಳೆಯರ ಪಾಳಿ ಇನ್ನೂ ಮುಗಿದಿರುವುದಿಲ್ಲ. ಆ ನಡುವೆ ಗೇಟಿಗೆ ಯಾರೂ ಇಲ್ಲ. ಅದಕ್ಕಾಗಿ, ಹೊರಗಿನಿಂದ ಗೇಟು ತೆರೆಯುವ ಗುಟ್ಟಿನ ಅಂಕಿಯನ್ನು ಯಾದಗಿರಿಯವನಿಗೆ ಕೊಡುತ್ತೇನೆ ಅಂದ.

"ಅವ ಯಾರಂತ ನಿನಗೇನ್ ಗೊತ್ತು? ಮಾರಿ ನೋಡೀಯೇನು?" ಎಂದೆ.

"ಮಾತು ಕೇಳೀನಲ್ಲಕ್ಕ. ನಮ್ಮ ಮಂದಿ."

"ನಮ್ಮ ಮಂದ್ಯಾಗ ಕಳ್ಳರಿಲ್ಲೇನು? ನಮ್ಮ ಕಾಕಾನ ಮಕ್ಕಳನ್ನ ಮರತಿಯೇನು?"

ಅವನು ನಕ್ಕ. ಗೆಳೆಯರೂ ಬೇಡ ಅನ್ನಲಿಲ್ಲ. ಹಿಂದಿಯವನು, ತೆಲುಗಿನವನು ಕೇಳಿದ್ದರೆ ಅವರೇ ಓಡಿಸುತ್ತಿದ್ದರು. ಕನ್ನಡದವನು, ಅದೂ "ರಿ" ಹಚ್ಚಿ ಮಾತಾಡುವವನು, ಎಂದು ಐದೂ ಜನ ಒಪ್ಪಿದರು. ಅಂಕಿ ಅವನ ಕೈಗೆ ಹೋಯಿತು.

ಒಂದು ಮಧ್ಯಾಹ್ನ ನಾನು ಲ್ಯಾಬಿನಿಂದ ನೇರವಾಗಿ ಬಂದು ಸ್ಟೂಲಿನಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿದ್ದೆ. ತಮ್ಮನಿಗೆ ಅರ್ಧ ಸಮಯವೂ ಆಗಿರಲಿಲ್ಲ. ಪರದೆಯಲ್ಲಿ ಗೇಟು ತಾನಾಗಿ ತೆರೆಯಿತು. ತಮ್ಮ ಒತ್ತಿರಲಿಲ್ಲ. ಯಾದಗಿರಿಯವನು ಒಳಗೆ ಬಂದ, ಅವನ ಹಿಂದೆ ಒಂದು ದಂಡು. ನಾನು ಕಂಡವರಲ್ಲಿ ಯಾರೂ ನಮಗೆ ಗೊತ್ತಿದ್ದವರಲ್ಲ. ಅವರು ಡ್ರಮ್ಮುಗಳ ಕಡೆ, ಪೆಟ್ಟಿಗೆಗಳ ಕಡೆ, ಮಲಗಿದ್ದ ನಮ್ಮ ನಾಲ್ವರ ಕಡೆ ಹಂಚಿಹೋದರು. ಎಲ್ಲ ಮೊದಲೇ ಮಾತಾಡಿಕೊಂಡ ಹಾಗಿತ್ತು. ಯಾದಗಿರಿಯವನು ಮಾತ್ರ ತಮ್ಮನ ಮುಂದೆ ಬಂದು ನಿಂತ.

"ಅಣ್ಣಾ," ಅಂದ, "ತಪ್ಪ ತಿಳ್ಕೋಬ್ಯಾಡ್ರಿ."

ಆಮೇಲೆ ಹೊಡೆದ.

ಬೈದು ಹೊಡೆದಿದ್ದರೆ ಅದು ಆಟವೇ ಆಗಿರುತ್ತಿತ್ತು. ಅಷ್ಟು ಮರ್ಯಾದೆ ಕೊಟ್ಟು ಹೊಡೆದದ್ದು ತಮ್ಮನಿಗೆ ನಾಟಿತು. ಅವನು ಎದ್ದು ಕೂರಲು ಹೋದ, ಸೂಜಿ ಎಳೆಯಿತು, ಮಷೀನು ಕೂಗಿತು, ಅಂಗಿಯ ತೋಳು ಕೆಂಪಾಯಿತು. ಟೆಕ್ನಿಷಿಯನ್ ಓಡಿ ಬಂದು "ಚೆಯ್ಯಿ ಕದಪಕಂಡಿ ಅನ್ನಾ!" ಎಂದು, ಅಲುಗಾಡಿಸದಂತೆ ಕೈ ಒತ್ತಿ ಹಿಡಿದ. ಪರದೆಯಲ್ಲಿ ಡ್ರಮ್ಮುಗಳನ್ನು ಒಡೆಯುತ್ತಿದ್ದರು. ಹೊತ್ತುಕೊಂಡು ಹೋಗಲಾಗದ ನೀರನ್ನೂ ಅವರು ಬಿಡಲಿಲ್ಲ.

ನಾನು ಹೇಳಿದ್ದೇ ಸರಿಯಾಗಿತ್ತು. ಅದರಿಂದ ನನಗೆ ಏನೂ ಸಿಗಲಿಲ್ಲ.

ಅವತ್ತೇ ಬೀದರದವನು ಫೋನು ಮಾಡಿ ಕಿರುಚಾಡಿದ. "ನಿನ್ನ ಗೇಟ್ ಕಾಯಾಕ ಕುಂಡ್ರಿಸಿದ್ವಿ, ಧರ್ಮಛತ್ರ ನಡಸಾಕಲ್ಲ!" ಅಂಕಿ ಕೊಡಲು ತಾನೂ ಒಪ್ಪಿದ್ದನ್ನು ಮರೆತಿದ್ದ. ನಾಲ್ವರೂ ಬೇರೆ ಸರ್ವರಿಗೆ, ಅಂದರೆ ಅದೇ ಆಟದ ಇನ್ನೊಂದು ಬಯಲಿಗೆ, ಹೋಗಿ ಹೊಸ ಕೋಟೆ ಕಟ್ಟಿದರು. ಅಲ್ಲಿಗೆ ತಮ್ಮನನ್ನು ಕರೆಯಲಿಲ್ಲ. ಕೆಟ್ಟವರೇನಲ್ಲ. ಒಂದೇ ಕೈಯವನು ಈಗ ಗೇಟಿಗೂ ಬೇಡವಾಗಿದ್ದ, ಅಷ್ಟೇ.

ಮುಂದಿನ ಸರದಿಯ ದಿನ ನಾನು ರಜೆ ಹಾಕಿ ಮನೆಯಲ್ಲೇ ಉಳಿದೆ, ಅವನು ಹಾಸಿಗೆಯಿಂದ ಏಳಲಿಲ್ಲ.

"ಏಳೋ, ಆಟೋ ಬಂದೈತಿ."

"ಯಾಕ್ ಬರ್ಲಿ? ನಾಕ್ ತಾಸ ಮ್ಯಾಲಿನ ಫ್ಯಾನ್ ನೋಡ್ಕೋತ ಕುಂಡ್ರಲೇನು?"

ಬೈದೆ, ಕೈ ಹಿಡಿದು ಎಳೆದೆ, ಅವ್ವನಿಗೆ ಫೋನು ಹಚ್ಚಿ ಕಿವಿಗಿಟ್ಟೆ. ಗೋಡೆಯ ಕಡೆ ತಿರುಗಿ ಮಲಗಿದ. ಅದರ ಮುಂದಿನ ಸರದಿಗೂ ಹಾಗೇ ಮಾಡಿದ. ಆ ದಿನ ನಾನು ಪಾಳಿ ಮುಗಿಸಿ ಓಡಿ ಬಂದಾಗ ಬಾಗಿಲು ತೆರೆದೇ ಇತ್ತು. ಅಡುಗೆಮನೆಯಲ್ಲಿ ಮಣ್ಣಿನ ಗಡಿಗೆಯ ಪಕ್ಕ ನೆಲದಲ್ಲಿ ಕೂತಿದ್ದ. ಗಡಿಗೆ ಖಾಲಿ. ಎದೆಯ ಮೇಲೆಲ್ಲ ನೀರು ಚೆಲ್ಲಿಕೊಂಡಿದ್ದ, ಕಣ್ಣು ಊದಿಕೊಂಡಿದ್ದವು, ಉಸಿರು ಎಳೆಯುವ ಸದ್ದು ಬಾಗಿಲಿಗೇ ಕೇಳುತ್ತಿತ್ತು. ಆಟದ ಆ ಏದುಸಿರು. ಆದರೂ ಅವನ ಮುಖದಲ್ಲಿ ಅಂಥ ಸುಖವನ್ನು ನಾನು ಕಾಯಿಲೆ ಬಂದ ಮೇಲೆ ನೋಡಿರಲಿಲ್ಲ. "ಹೊಟ್ಟಿ ತುಂಬ ಕುಡದೆ ಅಕ್ಕಾ" ಅಂದ.

ಆ ಸಲ ಉಳಿದ. ಐಸಿಯುನಲ್ಲಿ ಮಷೀನು ಹಚ್ಚಿ ನೀರು ತೆಗೆದರು. ಮನೆಗೆ ಬಂದ ಮೇಲೆ ನಾನೇ ಅವನ ಕೈಗೆ ಫೋನು ಕೊಟ್ಟೆ. "ಮತ್ತ ಕಟ್ಟು" ಎಂದೆ. ಆ ಹಾಳು ಆಟವನ್ನು ಆಡು ಎಂದು ಬೇಡಿಕೊಳ್ಳುವ ಗತಿ ನನಗೆ ಬಂದಿತ್ತು. ಎರಡು ದಿನ ಮುಟ್ಟಲಿಲ್ಲ. ಆಮೇಲೆ ಕುರ್ಚಿಯಲ್ಲಿ ಕೂತು, ಸೂಜಿ ಚುಚ್ಚಿಸಿಕೊಂಡು, ಬಲಗೈ ಚಾಚಿದ. "ಕೊಡಿಲ್ಲಿ."

ಈ ಸಲ ಅವನು ಕೋಟೆ ಕಟ್ಟಲಿಲ್ಲ. ಒಬ್ಬನೇ, ಒಂದೇ ಕೈಯಲ್ಲಿ, ಮುರಿದ ಹೆದ್ದಾರಿಯ ಪಕ್ಕ ನಾಲ್ಕು ಕಂಬ ನೆಟ್ಟು ಮೇಲೊಂದು ತಗಡು ಹೊದಿಸಿದ. ಗೋಡೆಯಿಲ್ಲ, ಗೇಟಿಲ್ಲ. ಕೆಳಗೆ ಒಂದು ಡ್ರಮ್ಮು. ದೋಚಲು ಏನೂ ಇರಲಿಲ್ಲ. ಕೆಲವರು ಕುಡಿದು ಹೋಗುತ್ತಿದ್ದರು, ಕೆಲವರು ಡ್ರಮ್ಮು ಒಡೆದು ಹೋಗುತ್ತಿದ್ದರು. ಒಡೆದರೆ ಇನ್ನೊಂದು ಮಾಡುತ್ತಿದ್ದ. ನಾನು ಸ್ಟೂಲಿನಲ್ಲಿ ಕೂತು, "ಇನ್ನೂ ಬುದ್ಧಿ ಬಂದಿಲ್ಲ ನಿನಗ" ಅನ್ನುತ್ತಿದ್ದೆ. ಅವನು ಮತ್ತೆ ಸರದಿ ತಪ್ಪಿಸಲಿಲ್ಲ.

ಆದರೆ ಹೃದಯ ಆಗಲೇ ಸೋತಿತ್ತು. ಮಳೆಗಾಲ ಶುರುವಾದ ಮೇಲೆ, ನನಗೆ ರಜೆಯಿದ್ದ ಒಂದು ಬೆಳಿಗ್ಗೆ, ಆಟೋಗಾಗಿ ಮೆಟ್ಟಿಲ ಮೇಲೆ ಕಾಯುತ್ತ ಕೂತವನು ಹಾಗೇ ಒರಗಿದ. ಕಿಸೆಯಲ್ಲಿ ಫೋನಿತ್ತು, ಚಾರ್ಜು ತುಂಬಿತ್ತು. ಬಾಯಿಗೆ ನೀರು ಬಿಡಿ ಎಂದು ಮಾಲೀಕರ ಹೆಂಡತಿ ತೆಲುಗಿನಲ್ಲಿ ಕೂಗುತ್ತಿದ್ದರು. ಬಿಟ್ಟೆ. ಅಳತೆ ಮಾಡದೆ ನಾನು ಅವನಿಗೆ ನೀರು ಕೊಟ್ಟದ್ದು ಅದೊಂದೇ ಸಲ.

ಫೋನನ್ನು ಬಹಳ ದಿನ ಕಪಾಟಿನಲ್ಲಿಟ್ಟಿದ್ದೆ. ಚಳಿಗಾಲದಲ್ಲಿ, ಎಕ್ಸಿಬಿಷನ್ ಮೈದಾನದ ಜಾತ್ರೆಯ ಗದ್ದಲ ನಮ್ಮ ಗಲ್ಲಿಯವರೆಗೆ ಕೇಳುವ ಒಂದು ಭಾನುವಾರ ಮಧ್ಯಾಹ್ನ, ಆ ಆಟವನ್ನು ಅಳಿಸಿ ಹಾಕಿಬಿಡೋಣ ಎಂದು ತೆಗೆದೆ. ಅಳಿಸುವ ಮೊದಲು ಒಮ್ಮೆ ತೆರೆದೆ.

ಅವನ ಮನುಷ್ಯ ತಗಡಿನ ಕೆಳಗೆ, ಡ್ರಮ್ಮಿನ ಪಕ್ಕ, ಮಗ್ಗುಲಾಗಿ ಮಲಗಿದ್ದ. ತಗಡಿನ ಒಂದು ಮೂಲೆ ಉದುರಿತ್ತು. ಇಷ್ಟು ದಿನ ಯಾರೂ ಅವನನ್ನು ಕೊಂದಿರಲಿಲ್ಲ. ನಾನು ತೆರೆದದ್ದೇ ತಡ ಎದ್ದು ನಿಂತ. ಕೆಂಪು, ಹಳದಿ, ನೀಲಿ, ಮೂರೂ ಗೆರೆ ಅವನು ಬಿಟ್ಟ ಹಾಗೆಯೇ ಇದ್ದವು. ನಾನು ಅಳಿಸಲಿಲ್ಲ. ತಗಡು ರಿಪೇರಿ ಮಾಡಿದೆ, ಮುಚ್ಚಿದೆ. ಮುಂದಿನ ಭಾನುವಾರ ಮತ್ತೆ ತೆರೆದೆ.

ಹೀಗೆ ನಡೆದಿರುವಾಗ ಒಂದು ಮಧ್ಯಾಹ್ನ ಹೆದ್ದಾರಿಯ ಆಚೆಯಿಂದ ಯಾರೋ ನಡೆದು ಬಂದು ಬಂದೂಕು ಕೆಳಗಿಟ್ಟರು.

"ಅಣ್ಣಾ, ಇದ್ದೀರೇನ್ರಿ? ಭಾಳ ದಿನ ಆತು. ಡ್ರಮ್ ನೋಡಿ ನೀವ ಅಂತ ಗೊತ್ತಾತ್ರಿ, ಮಲಗಿದ್ದನ್ನ ನೋಡಿ ನೋಡಿ ಹೋದ್ನಿರಿ."

ದನಿ ಗುರುತು ಹಿಡಿಯಲು ಕ್ಷಣವೂ ಬೇಕಾಗಲಿಲ್ಲ. ಹಿಂದೆ ಅದೇ ಕಬ್ಬಿಣ ಕೊಯ್ಯುವ ಸದ್ದು. ಆದರೂ ಡಬ್ಬಿ ತೆಗೆದು ನೀರು ತುಂಬಿ ಅವನ ಮುಂದಿಟ್ಟೆ. ಬಾಗಿಲಿಗೆ ಬಂದವನಿಗೆ ಮೊದಲು ನೀರು. ಅವನು ಪೂರ್ತಿ ಕುಡಿದ.

ಆಮೇಲೆ ಅವನು ಕೆಳಗಿಟ್ಟ ಬಂದೂಕನ್ನೇ ಎತ್ತಿದೆ. "ತಪ್ಪ ತಿಳ್ಕೋಬ್ಯಾಡ್ರಿ" ಎಂದೆ. ಹೊಡೆದೆ.

ಬಿದ್ದ. ನಿಂತು ನೋಡಿದೆ. ಇಷ್ಟು ದಿನ ಎದೆಯಲ್ಲಿ ಹೊತ್ತಿದ್ದ ಉರಿ ಇನ್ನು ಆರುತ್ತದೆ ಎಂದು ಕಾದೆ, ಆರಲಿಲ್ಲ. ಗೋಡೆಯಿಲ್ಲದ ಗುಡಿಸಲು, ಖಾಲಿ ಡಬ್ಬಿ, ಮೈದಾನದ ಮೈಕಿನ ಸದ್ದು.

ಸ್ವಲ್ಪ ಹೊತ್ತಿನ ಮೇಲೆ ಬಯಲಿನಲ್ಲಿ ಒಂದು ಚುಕ್ಕೆ ಕಂಡಿತು. ಹತ್ತಿರ ಬಂತು. ಚಿಂದಿ ಬಟ್ಟೆ, ಕೈಯಲ್ಲೊಂದು ಕಲ್ಲು. ಓಡಿ ಬಂದು ತಗಡಿನ ಮುಂದೆ ನಿಂತ.

"ಲೆಕ್ಕ ಸರಿ ಆತ್ರಿ," ಅಂದ ಯಾದಗಿರಿಯವನು. "ಅಣ್ಣಾರು ಎಲ್ಲಿ ಹೋಗ್ಯಾರ್ರಿ ಅಕ್ಕಾ?"

ಆಗ ನನಗೆ ಅಳು ಬಂತು. ಇಷ್ಟು ದಿನ ಹಾಗೆ ಅತ್ತಿರಲಿಲ್ಲ. ಈಗ ತಾನೆ ನಾನು ಕೊಂದವನು ಎದ್ದು, ಕಲ್ಲು ಹಿಡಿದುಕೊಂಡು, ಇಡೀ ಬಯಲು ಓಡಿ ಬಂದು ನನ್ನ ಮುಂದೆ ನಿಂತಿದ್ದ. ನಾಂಪಲ್ಲಿಯ ಮೆಟ್ಟಿಲ ಮೇಲೆ ಒರಗಿದವನು ಮಾತ್ರ ಎಲ್ಲಿಯೂ ಎದ್ದಿರಲಿಲ್ಲ. ಈ ಆಟದಲ್ಲಿ ಎಲ್ಲ ಕಾಟವನ್ನೂ ನಾನು ಸಹಿಸಿದ್ದೇನೆ. ಸತ್ತವರು ಹಾಗೆ ಓಡಿ ಬರುವುದನ್ನು ಸಹಿಸಲು ನನ್ನಿಂದ ಆಗುವುದಿಲ್ಲ.

ಅವನ ಏದುಸಿರು ಕೇಳಿಸುತ್ತಿತ್ತು. ಅಷ್ಟು ದೂರ ಓಡಿ ಬಂದಿದ್ದ, ನೀಲಿ ಗೆರೆ ಮುಗಿಯುತ್ತ ಬಂದಿರಬೇಕು. ಡಬ್ಬಿಯನ್ನು ಮತ್ತೆ ತುಂಬಿ ಅವನ ಮುಂದಿಟ್ಟೆ.